ಒಂದು ಮೋಟಾರಿನ ಜೀರ್ಣೋದ್ಧಾರ

ದೇವಾಲಯದ ಗೋಪುರ ಶಿಥಿಲವಾದಾಗ ಅದನ್ನು ಬಿಚ್ಚಿ ಮತ್ತೆ ಕಟ್ಟುವುದಕ್ಕೆ ಜೀರ್ಣೋದ್ಧಾರವೆಂದು ಹೆಸರು. ಕಲ್ಲು ಹೊಸದಾಗಬಹುದು, ಗಾರೆ ಹೊಸದಾಗಬಹುದು. ಒಳಗಿನ ದೇವರು ಹಳೆಯವನೇ ಎಂದು ಭಕ್ತರು ಒಪ್ಪಿಕೊಳ್ಳುತ್ತಾರೆ. ಆದರೆ ಒಳಗೆ ದೇವರಿಲ್ಲದ ವಸ್ತುವಿನ ಗತಿಯೇನು? ಒಂದು ಮೋಟಾರು ಗಾಡಿಯ ಅಂಗಗಳನ್ನು ಒಂದೊಂದಾಗಿ ತೆಗೆದು ಹೊಸ ಕಾಲದ ಅಂಗಗಳನ್ನು ಕೂರಿಸುತ್ತ ಹೋದರೆ, ಕೊನೆಗೆ ಉಳಿಯುವುದು ಆ ಗಾಡಿಯೋ, ಇನ್ನೊಂದೋ? ಇದು ತರ್ಕಶಾಸ್ತ್ರದ ಒಣಚರ್ಚೆಯೆಂದು ವಾಚಕರು ಬದಿಗಿಡಬಾರದು. ೧೯೯೦ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನಲ್ಲಿ ಇದೇ ಪ್ರಶ್ನೆಯ ಮೇಲೆ ಒಂದು ಕೋಟಿ ಪೌಂಡುಗಳ ವ್ಯವಹಾರ ನಿಂತಿತ್ತು.

ಆ ಗಾಡಿಯ ಹೆಸರು ‘ಓಲ್ಡ್ ನಂಬರ್ ಒನ್’. ಡಬ್ಲ್ಯು. ಓ. ಬೆಂಟ್ಲಿ ೧೯೧೯ರಲ್ಲಿ ಸ್ಥಾಪಿಸಿದ ಕಂಪನಿಯ ‘ಸ್ಪೀಡ್ ಸಿಕ್ಸ್’ ಮಾದರಿಯದು. ಫ್ರಾನ್ಸಿನ ಲ ಮಾನ್ಸ್ ಎಂಬಲ್ಲಿ ಹಗಲಿರುಳು ೨೪ ಗಂಟೆ ಎಡೆಬಿಡದೆ ನಡೆಯುವ ಪಂದ್ಯವುಂಟು. ೧೯೨೯ರಲ್ಲಿ ವುಲ್ಫ್ ಬಾರ್ನಾಟೋ ಮತ್ತು ಸರ್ ಹೆನ್ರಿ ಬರ್ಕಿನ್ ಸರದಿಯಂತೆ ಈ ಗಾಡಿಯನ್ನು ನಡೆಸಿ ಗೆದ್ದರು. ಆ ವರ್ಷ ಮೊದಲ ನಾಲ್ಕು ಸ್ಥಾನಗಳೂ ಬೆಂಟ್ಲಿಗಳಿಗೇ ದೊರೆತವು. ಮರುವರ್ಷ ಬಾರ್ನಾಟೋ, ಗ್ಲೆನ್ ಕಿಡ್‌ಸ್ಟನ್ ಜೊತೆಗೂಡಿ ಮತ್ತೆ ಗೆದ್ದ. ಈ ಬಾರ್ನಾಟೋ ದಕ್ಷಿಣ ಆಫ್ರಿಕದ ವಜ್ರದ ಗಣಿಗಳಿಂದ ಬಂದ ಸಿರಿಗೆ ವಾರಸುದಾರ. ಮುಗ್ಗರಿಸುತ್ತಿದ್ದ ಬೆಂಟ್ಲಿ ಕಂಪನಿಗೆ ಹಣ ಸುರಿದು ಅದರ ಅಧ್ಯಕ್ಷನೂ ಆಗಿದ್ದವನು. ಕಂಪನಿಯ ಅಧ್ಯಕ್ಷನೇ ಚುಕ್ಕಾಣಿ ಹಿಡಿದು ಕೆಲಸಗಾರರ ಜೊತೆ ಎಣ್ಣೆ ಮಸಿ ಬಳಿದುಕೊಳ್ಳುವುದು ಎಲ್ಲ ಕಾಲಕ್ಕೂ ಅಪರೂಪವೇ ಸರಿ.

ಪಂದ್ಯದ ಗಾಡಿಗೆ ವಿಶ್ರಾಂತಿಯೆಂಬುದಿಲ್ಲ. ಪ್ರತಿ ಪಂದ್ಯದ ಅನಂತರವೂ ಅದನ್ನು ಬಿಚ್ಚುವರು, ಸವೆದದ್ದನ್ನು ಎಸೆಯುವರು, ಹೊಸದನ್ನು ಹಾಕುವರು. ಎಸೆದದ್ದು ಮುಂದೊಮ್ಮೆ ಇತಿಹಾಸವಾದೀತೆಂದು ಆಗ ಯಾರಿಗೂ ತೋಚಲಿಲ್ಲ. ಸುತ್ತಿಗೆಯ ಹಿಡಿ ಮುರಿದರೆ ಹಳೆಯ ಹಿಡಿಯನ್ನು ಯಾವ ಕಮ್ಮಾರ ಕಾದಿಡುತ್ತಾನೆ? ೧೯೩೧ರಲ್ಲಿ ಬೆಂಟ್ಲಿ ಕಂಪನಿ ಸಾಲದಲ್ಲಿ ಮುಳುಗಿ ರೋಲ್ಸ್ ರಾಯ್ಸ್‌ನ ವಶವಾಯಿತು. ಆದರೂ ಬಾರ್ನಾಟೋ ಈ ಗಾಡಿಯ ಕೈಬಿಡಲಿಲ್ಲ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನ ಪಂದ್ಯಗಳಿಗಾಗಿ ಅದನ್ನು ಹೊಸ ಯಂತ್ರದಿಂದ ಸಜ್ಜುಗೊಳಿಸಿದ. ಮೊದಲಿದ್ದ ಆರು ಸಿಲಿಂಡರುಗಳ ಇಂಜಿನ್ನಿನ ಗಾತ್ರ ೬,೫೯೭ ಘನ ಸೆಂಟಿಮೀಟರು. ಅದರ ಸ್ಥಾನಕ್ಕೆ ಬಂದ ‘ಎಂಟು ಲೀಟರು’ ಇಂಜಿನ್ನಿಗೂ ಸಿಲಿಂಡರುಗಳು ಆರೇ, ಪಿಸ್ಟನ್ನಿನ ಓಟವೂ ಅದೇ ೧೪೦ ಮಿಲಿಮೀಟರು. ಸಿಲಿಂಡರಿನ ವ್ಯಾಸ ಮಾತ್ರ ೧೦೦ರಿಂದ ೧೧೦ಕ್ಕೇರಿತ್ತು. ಹತ್ತೇ ಮಿಲಿಮೀಟರಿನ ಈ ಹೆಚ್ಚಳದಿಂದ ಗಾತ್ರ ೭,೯೮೩ಕ್ಕೆ ಹೋಗಿತ್ತು. ಅಡಿಯ ಚಾಸಿಯೂ ಬದಲಾಗಿ ನಾಲ್ಕು ಲೀಟರು ಮಾದರಿಯದು ಬಂದಿತು.

ಬ್ರೂಕ್‌ಲ್ಯಾಂಡ್ಸ್ ಕಾಂಕ್ರೀಟಿನ ಪಥ. ತಿರುವುಗಳಲ್ಲಿ ಅದು ಬಾಣಲೆಯ ಅಂಚಿನಂತೆ ಮೇಲಕ್ಕೇರಿರುತ್ತಿತ್ತು. ೧೯೩೨ರ ಸೆಪ್ಟೆಂಬರ್ ೨೪ರಂದು ೫೦೦ ಮೈಲಿಗಳ ಪಂದ್ಯದಲ್ಲಿ ಜ್ಯಾಕ್ ಮತ್ತು ಕ್ಲೈವ್ ಡನ್ಫಿ ಎಂಬ ಅಣ್ಣತಮ್ಮಂದಿರು ಈ ಗಾಡಿಯನ್ನು ಹಂಚಿಕೊಂಡಿದ್ದರು. ಕ್ಲೈವ್ ನಡೆಸುತ್ತಿದ್ದಾಗ ಗಾಡಿ ಮೇಲಂಚನ್ನು ದಾಟಿ ಹಾರಿತು. ಆತ ಅಲ್ಲಿಯೇ ಪ್ರಾಣಬಿಟ್ಟ. ಬಾರ್ನಾಟೋ ಮುರಿದ ಗಾಡಿಯನ್ನು ಗುಜರಿಗೆ ಹಾಕಲಿಲ್ಲ. ವಾಲಿ ಹಸನ್ ಎಂಬ ಕುಶಲ ಮೆಕ್ಯಾನಿಕ್‌ನ ಕೈಯಿಂದ ಅದನ್ನು ಮತ್ತೆ ಕಟ್ಟಿಸಿ, ಮೇಲೆ ಛಾವಣಿಯಿರುವ ಕೂಪೆ ದೇಹವನ್ನು ತೊಡಿಸಿ, ರಸ್ತೆಯ ಗಾಡಿಯನ್ನಾಗಿ ಮಾಡಿಸಿದ.

ಮುಂದೆ ಹಲವು ದಶಕಗಳು ಕಳೆದು, ೧೯೯೦ರಲ್ಲಿ ಆಗಿನ ಮಾಲೀಕನು ಒಂದು ಕಂಪನಿಗೆ ಈ ಗಾಡಿಯನ್ನು ಮಾರಲು ಒಪ್ಪಿದ. ಕಂಪನಿ ಬಳಿಕ ಹಿಂಜರಿಯಿತು. ಲ ಮಾನ್ಸ್ ಗೆದ್ದ ಗಾಡಿಯೆಂದಲ್ಲವೆ ನಾವು ಒಪ್ಪಿದ್ದು, ಅದರಲ್ಲಿ ಆ ಗಾಡಿ ಎಲ್ಲಿದೆ ತೋರಿಸಿ ಎಂಬುದು ಅದರ ವಾದ. ಸುಲಭವಾಗಿ ತಳ್ಳಿಹಾಕುವ ವಾದವಲ್ಲ. ನ್ಯಾಯಮೂರ್ತಿ ಆಟನ್ ಅವರೇ ಲೆಕ್ಕ ಹಾಕಿದರು: ೧೯೨೯ರ ಗಾಡಿಯಿಂದ ಉಳಿದದ್ದು ಹೆಚ್ಚುಕಡಮೆ ಏನೂ ಇಲ್ಲ, ೧೯೩೦ರದರಿಂದ ಪೆಡಲುಗಳ ದಂಡ, ಗೇರ್ ಬಾಕ್ಸಿನ ಹೊರಕವಚ, ಸ್ಟಿಯರಿಂಗ್ ಕಂಬ, ಇಷ್ಟು. ಬಹುಭಾಗ ಉಳಿದದ್ದು ೧೯೩೨ರ ಆ ದುರಂತದ ರೂಪದಿಂದಲೇ. ಹೀಗಿದ್ದೂ ತೀರ್ಪು ಮಾರಿದವನ ಪರವಾಯಿತು. ಹೊಸ ಅಂಗಗಳು ಒಮ್ಮೆಗೇ ಬಂದುವಲ್ಲ, ಮೆಲ್ಲಮೆಲ್ಲನೆ ಬಂದು ಮೈಗೂಡಿದವು. ಯಾವ ಘಟ್ಟದಲ್ಲಿಯೂ ಗಾಡಿ ತನ್ನತನವನ್ನು ಕಳೆದುಕೊಳ್ಳಲಿಲ್ಲ. ಈ ಹೆಸರಿಗೆ ಹಕ್ಕು ಹೇಳಬಲ್ಲ ಬೇರೊಂದು ಬೆಂಟ್ಲಿಯೂ ಇಲ್ಲ ಎಂಬುದು ಅವರ ನಿರ್ಣಯದ ತಿರುಳು.

ಈ ತೀರ್ಪನ್ನು ಓದುವಾಗ ನನ್ನಂಥ ಪಂಡಿತನಿಗೆ ‘ಮಿಲಿಂದಪಞ್ಹ’ ನೆನಪಾಗದೆ ಇರದು. ರಥವೆಂದರೆ ಯಾವುದು, ಅಚ್ಚೋ, ಗಾಲಿಯೋ, ನೊಗವೋ ಎಂದು ನಾಗಸೇನನು ಯವನ ರಾಜನನ್ನು ಕೇಳುತ್ತಾನೆ. ಆದರೆ ಈ ಬೆಂಟ್ಲಿಗೆ ಹೆಚ್ಚು ಒಪ್ಪುವುದು ಅದೇ ಗ್ರಂಥದ ದೀಪದ ದೃಷ್ಟಾಂತ: ರಾತ್ರಿಯಿಡೀ ಉರಿದ ದೀಪದ ಮೊದಲ ಜಾವದ ಜ್ವಾಲೆಯೂ ಕೊನೆಯ ಜಾವದ ಜ್ವಾಲೆಯೂ ಒಂದೇ ಅಲ್ಲ, ಬೇರೆಯೂ ಅಲ್ಲ. ಬಿಳಿಯ ಕೃತಕ ಕೇಶ ತೊಡುತ್ತಿದ್ದ ನ್ಯಾಯಪೀಠವೂ ಬೌದ್ಧ ಭಿಕ್ಷುವೂ ಒಂದೇ ದಾರಿಗೆ ಬಂದದ್ದು ನನಗಂತೂ ಸಂತೋಷವನ್ನುಂಟುಮಾಡಿತು.

ಎಲ್ಲರೂ ಇಷ್ಟು ಉದಾರಿಗಳಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ೨೦೧೨ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದಿನ ಪ್ರಕಾರ ಮಾರ್ಪಾಡು ಮಾಡಲೇಬೇಕಾದರೆ ಅದು ಮತ್ತೆ ಬಿಚ್ಚಿ ತೆಗೆಯಲು ಬರುವಂತಿರಬೇಕು, ಕಳಚಿದ ಮುಖ್ಯ ಅಂಗಗಳನ್ನು ಗಾಡಿಯ ಜೊತೆಯಲ್ಲೇ ಇಟ್ಟಿರಬೇಕು. ಒಳ್ಳೆಯ ಮಾತು; ಬಾರ್ನಾಟೋವಿನ ಕಾಲದಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ವಕೀಲರಿಗೆ ಕೆಲಸ ಕಡಮೆಯಾಗುತ್ತಿತ್ತು. ನಮ್ಮ ದೇಶದ ನಿಯಮ ಇನ್ನೂ ಬಿಗಿ. ೨೦೨೧ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ ೫೦ ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದು ದೊಡ್ಡ ಮಾರ್ಪಾಡಿಗೆ ಒಳಗಾಗದ ಗಾಡಿಗಳಿಗೆ ಮಾತ್ರ ‘ವಿಂಟೇಜ್’ ಪಟ್ಟ, ನಂಬರು ಹಲಗೆಯ ಮೇಲೆ ‘ವಿ.ಎ.’ ಎಂಬ ಅಕ್ಷರಗಳು. ಎರಡು ಬಾರಿ ಲ ಮಾನ್ಸ್ ಗೆದ್ದ ಓಲ್ಡ್ ನಂಬರ್ ಒನ್ ನಮ್ಮ ಸಾರಿಗೆ ಕಚೇರಿಯ ಮುಂದೆ ಬಂದು ನಿಂತರೆ, ಆ ಎರಡು ಅಕ್ಷರಗಳು ಅದಕ್ಕೆ ಸಿಗುವುದು ಕಷ್ಟ.