ಮಕ್ಕಳಿಲ್ಲದವರ ಹಕ್ಕು

ಸಂತಾನ ನಿಯಂತ್ರಣದ ಚರಿತ್ರೆಯಲ್ಲಿ ನಮ್ಮ ನಾಡಿಗೆ ದೊಡ್ಡ ಹೆಸರಿದೆ. ಅದಕ್ಕಾಗಿ ಸರಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸಾಲಯ ತೆರೆಯಲು ಮೈಸೂರು ಸಂಸ್ಥಾನ 1930ರಲ್ಲೇ ಆದೇಶಿಸಿತ್ತು. 1952ರಲ್ಲಿ ಭಾರತ ಸರಕಾರ ಕುಟುಂಬ ಯೋಜನೆ ಆರಂಭಿಸಿತು. ಆ ದಿನಗಳಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನ ಪ್ರಯೋಗವೊಂದಕ್ಕೆ ರಾಮನಗರ ಆಯ್ಕೆಯಾಯಿತು. ಗರ್ಭ ನಿಲ್ಲುವ ದಿನಗಳನ್ನು ಎಣಿಸಿಕೊಳ್ಳಲು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಡಲಾಯಿತು.

ಪಕ್ಕದ ಮಾಗಡಿ ತಾಲೂಕಿನ ಹುಲಿಕಲ್‌ನಲ್ಲಿ ತಿಮ್ಮಕ್ಕ ಮತ್ತು ಚಿಕ್ಕಯ್ಯ ಎಂಬ ಕೂಲಿ ದಂಪತಿಗಳಿದ್ದರು. ಅವರಿಗೆ ಮಕ್ಕಳಾಗಲಿಲ್ಲ. ಊರಿನವರ ಚುಚ್ಚುಮಾತು ತಪ್ಪಲಿಲ್ಲ. ಕುದೂರಿನ ದಾರಿಯಲ್ಲಿ ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಅವನ್ನೇ ಮಕ್ಕಳಂತೆ ಸಾಕಿದರು. 385 ಮರಗಳೆಂಬುದು ಪ್ರಸಿದ್ಧವಾದ ಲೆಕ್ಕ. ಹುಲಿಕಲ್ 1986ರಿಂದ 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿತ್ತು. ಸಾಲುಮರದ ತಿಮ್ಮಕ್ಕನಿಗೆ 2019ರಲ್ಲಿ ಪದ್ಮಶ್ರೀ ಬಂತು. ಮರಗಳಿಗಾಗಿ ನಾವು ಆ ತಾಯಿಯನ್ನು ಹೊಗಳಿದೆವು. ಮಕ್ಕಳಿಲ್ಲದ ಬೇರೆ ಹೆಂಗಸರನ್ನು ಮಾತ್ರ ಸೀಮಂತಕ್ಕೆ, ತೊಟ್ಟಿಲ ಶಾಸ್ತ್ರಕ್ಕೆ ಕರೆಯಲು ಇಂದಿಗೂ ಹಿಂಜರಿಯುತ್ತೇವೆ.

1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯ 16ನೇ ಕಲಮು ಮದುವೆಯಾಗಿ ಸಂಸಾರ ಕಟ್ಟಿಕೊಳ್ಳುವ ಹಕ್ಕನ್ನು ಹೇಳುತ್ತದೆ. 1994ರ ಕೈರೋ ಸಮ್ಮೇಳನ ಬಂಜೆತನದ ತಡೆ ಮತ್ತು ಚಿಕಿತ್ಸೆಯನ್ನೂ ಆರೋಗ್ಯ ಸೇವೆಯ ಭಾಗವೆಂದಿತು. ತುರ್ತು ಪರಿಸ್ಥಿತಿಯಲ್ಲಿ ಬಲವಂತದ ಶಸ್ತ್ರಚಿಕಿತ್ಸೆಗಳು ನಡೆದಾಗ ಈ ಹಕ್ಕಿನ ಉಲ್ಲಂಘನೆ ಎಲ್ಲರ ಕಣ್ಣಿಗೂ ಬಿತ್ತು. ಮಗು ಬೇಕೆಂದರೂ ಚಿಕಿತ್ಸೆ ಸಿಗದವರ ಸಂಕಟ ಹಾಗೆ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಸಮಾಜದಲ್ಲಿ ಇದು ತಲಾಖ್‌ಗೂ ಎರಡನೇ ನಿಕಾಹ್‌ಗೂ ನೆಪವಾಗುತ್ತದೆ. ಗಂಡು, ಹೆಣ್ಣು ಮಕ್ಕಳನ್ನು ಕೊಡುವವನೂ ಕೊಡದಿರುವವನೂ ಅಲ್ಲಾಹನೇ ಎಂಬುದು ಕುರ್‌ಆನಿನ ಬೋಧನೆ. ಹಾಗಿರುವಾಗ ಸೊಸೆಯನ್ನು ದೂರುವುದು ಯಾವ ನ್ಯಾಯ? ಹಝ್ರತ್ ಆಯಿಷಾ ಅವರಿಗೆ ಮಕ್ಕಳಿರಲಿಲ್ಲ. ಅವರಿಂದ ವರದಿಯಾದ ಹದೀಸ್‌ಗಳು ಎರಡು ಸಾವಿರಕ್ಕೂ ಹೆಚ್ಚು. ಅವರನ್ನು ಮುಸ್ಲಿಮರು ಗೌರವದಿಂದ ಉಮ್ಮುಲ್ ಮೂಮಿನೀನ್, ಅಂದರೆ ವಿಶ್ವಾಸಿಗಳ ತಾಯಿ ಎನ್ನುತ್ತಾರೆ.

ದೋಷ ಗಂಡನಲ್ಲೂ ಇರಬಹುದು. ಗರ್ಭನಾಳಕ್ಕೆ ತಗಲುವ ಕ್ಷಯ, ಹೆರಿಗೆಯ ನಂತರದ ಸೋಂಕು ಬಡವರಲ್ಲಿ ಕಾಣುವ ಕಾರಣಗಳು. ಬೇಗ ಪತ್ತೆಯಾದರೆ ಗುಣಪಡಿಸಬಹುದಾದವು. ಪ್ರನಾಳ ಶಿಶು ಚಿಕಿತ್ಸೆಯ ಒಂದು ಸುತ್ತಿಗೇ ಸಾಮಾನ್ಯವಾಗಿ ಲಕ್ಷ ದಾಟುತ್ತದೆ. ದೊಡ್ಡಬಳ್ಳಾಪುರದ ಮಗ್ಗದ ಕೂಲಿಯವರು ಅದನ್ನು ಎಲ್ಲಿಂದ ತರಬೇಕು? 2021ರ ಕಾಯಿದೆ ಇಂಥ ಚಿಕಿತ್ಸಾಲಯಗಳ ನೋಂದಣಿಯನ್ನು ಕಡ್ಡಾಯಗೊಳಿಸಿತೇ ಹೊರತು ಬಡವರ ಖರ್ಚಿನ ಹೊಣೆ ಹೊರಲಿಲ್ಲ.

ತಿಮ್ಮಕ್ಕ 2025ರ ನವೆಂಬರ್ 14ರಂದು ತೀರಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಂಜೆತನದ ಕುರಿತು ತನ್ನ ಮೊದಲ ಜಾಗತಿಕ ಮಾರ್ಗಸೂಚಿ ಹೊರಡಿಸಿತು. ಹೊಸಕೋಟೆ, ದೇವನಹಳ್ಳಿ, ನೆಲಮಂಗಲದ ತಾಲೂಕು ಆಸ್ಪತ್ರೆಗಳಲ್ಲಿ ಗಂಡ ಹೆಂಡತಿ ಇಬ್ಬರಿಗೂ ಉಚಿತ ತಪಾಸಣೆ, ಕ್ಷಯದ ಪರೀಕ್ಷೆ, ಆಪ್ತ ಸಲಹೆ ದೊರೆಯುವಂತಾಗಬೇಕು. ಮಕ್ಕಳು ಸಾಕೆಂದವರಿಗಾಗಿ ತೊಂಬತ್ತು ವರ್ಷಗಳ ಹಿಂದೆಯೇ ಬಾಗಿಲು ತೆರೆದ ನಾಡು, ಬೇಕೆಂದವರಿಗೂ ಅದನ್ನು ತೆರೆಯಲಿ.