ಗಾಲ್ವೆಸ್ಟನ್ನಿನ ಬಿಷಪ್ಸ್ ಪ್ಯಾಲೇಸ್: ಬಿರುಗಾಳಿಗೆ ಬಾಗದ ಮನೆ

ಊರಿನಿಂದ ಬಂದ ತಂದೆತಾಯಿಯರನ್ನು ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಾಲಯದ ದರ್ಶನದ ಬಳಿಕ ಗಾಲ್ವೆಸ್ಟನ್ ಕಡಲತೀರಕ್ಕೆ ಕರೆದೊಯ್ಯುವುದು ಹ್ಯೂಸ್ಟನ್ ಕನ್ನಡಿಗರಾದ ನಮ್ಮ ರೂಢಿ. ಡಾಲಸ್, ಆಸ್ಟಿನ್‌ಗಳಿಂದ ಬರುವ ಬಂಧುಗಳೂ ಇದೇ ದಾರಿ ಹಿಡಿಯುತ್ತಾರೆ. ಹಿಂದಿರುಗುವ ಮುನ್ನ ಬ್ರಾಡ್‌ವೇ ರಸ್ತೆಯ ಕಲ್ಲುಮನೆಯೊಂದನ್ನು ನೋಡಿಬರಬೇಕೆಂಬುದು ನಮ್ಮ ಅರಿಕೆ.

ಹತ್ತಿಯ ರಫ್ತಿನಿಂದ ಗಾಲ್ವೆಸ್ಟನ್ ಶ್ರೀಮಂತವಾಗಿದ್ದ ಕಾಲವದು. ವಕೀಲರೂ ರೈಲ್ವೆ ಉದ್ಯಮಿಯೂ ಆಗಿದ್ದ ವಾಲ್ಟರ್ ಗ್ರೆಶಮ್ ತಮ್ಮ ದೊಡ್ಡ ಕುಟುಂಬಕ್ಕಾಗಿ 1887ರಲ್ಲಿ ಈ ಮನೆಯ ಕೆಲಸವನ್ನು ಆರಂಭಿಸಿದರು. 1890ರ ದಶಕದ ಮೊದಲ ವರ್ಷಗಳಲ್ಲಿ ಅದು ಮುಗಿಯಿತು. ವಾಸ್ತುಶಿಲ್ಪಿ ಐರ್ಲೆಂಡ್ ಮೂಲದ ನಿಕೊಲಸ್ ಕ್ಲೇಟನ್. ವೈದ್ಯರಾದ ನಮಗೆ ಇವರ ಹೆಸರು ಇನ್ನೊಂದು ಕಾರಣಕ್ಕೂ ಪ್ರಿಯ: 1891ರಲ್ಲಿ ತೆರೆದ ಅಲ್ಲಿನ ವೈದ್ಯಕೀಯ ಕಾಲೇಜಿನ ‘ಓಲ್ಡ್ ರೆಡ್’ ಕಟ್ಟಡವೂ ಇವರದೇ ರಚನೆ.

ಸುಣ್ಣಕಲ್ಲು, ಗ್ರಾನೈಟ್, ಕೆಂಪು ಮರಳುಗಲ್ಲುಗಳ ದಪ್ಪ ಗೋಡೆಗಳು; ಮೇಲೆ ಗೋಪುರಗಳು, ಎತ್ತರದ ಚಿಮಣಿಗಳು. ಒಳಗೆ ಕೆತ್ತನೆಯ ಮರದ ಭವ್ಯ ಮೆಟ್ಟಿಲುಸಾಲು, ಅದರ ಮೇಲೆ ಬಣ್ಣದ ಗಾಜಿನಿಂದ ಇಳಿಯುವ ಬೆಳಕು.

1900ರ ಸೆಪ್ಟೆಂಬರ್ 8ರ ಚಂಡಮಾರುತದಲ್ಲಿ ದ್ವೀಪವೇ ಮುಳುಗಿತು. ಕಡಿಮೆಯೆಂದರೂ 6,000 ಜನ ಸತ್ತರು. ಮರದ ಮನೆಗಳು ಸಾಲುಸಾಲಾಗಿ ಕೊಚ್ಚಿಹೋದವು. ಗ್ರೆಶಮ್ ಮನೆ ನಿಂತಿತು, ನೆಲೆ ಕಳೆದುಕೊಂಡವರಿಗೆ ಆಶ್ರಯವಾಯಿತು. 2017ರಲ್ಲಿ ಹಾರ್ವೆಯ ನೆರೆಯನ್ನು ಕಂಡ ನಮಗೆ ಆ ರಾತ್ರಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಅನಂತರ ಊರಿಗೆ ಕಡಲಗೋಡೆ ಬಂದಿತು. ಆದರೆ 1914ರಲ್ಲಿ ಹಡಗು ಕಾಲುವೆ ತೆರೆದ ಮೇಲೆ ವ್ಯಾಪಾರ ಹ್ಯೂಸ್ಟನ್ನಿನತ್ತ ಸರಿಯಿತು. 1923ರಲ್ಲಿ ಕ್ಯಾಥೊಲಿಕ್ ಧರ್ಮಪ್ರಾಂತ್ಯವು ಮನೆಯನ್ನು ಕೊಂಡು ಬಿಷಪ್ ಬೈರ್ನ್ ಅವರ ನಿವಾಸವಾಗಿಸಿತು. ಇಂದಿನ ಹೆಸರು ಬಂದದ್ದು ಹಾಗೆ. 2013ರಿಂದ ಅದು ಗಾಲ್ವೆಸ್ಟನ್ ಹಿಸ್ಟಾರಿಕಲ್ ಫೌಂಡೇಶನ್ನಿನ ಒಡೆತನದಲ್ಲಿದೆ; ಟಿಕೆಟ್ ಪಡೆದು ಯಾರೂ ಒಳಹೋಗಬಹುದು.

ಅಂದರೆ ಕಟ್ಟಿದ ಕುಟುಂಬದ ಕೈಬಿಟ್ಟ ಮೇಲೂ ಆ ಮನೆ ಅನಾಥವಾಗಲಿಲ್ಲ. ನಮ್ಮ ಅಜ್ಜನ ತೊಟ್ಟಿಮನೆಗೆ ಆ ಭಾಗ್ಯವಿರಲಿಲ್ಲ. ಪಾಲಾದ ಮೇಲೆ ಅದರ ಕಂಬ, ಬಾಗಿಲುಗಳು ಒಂದೊಂದಾಗಿ ಮಾರಾಟವಾದವು. ಈಗ ನಮ್ಮ ಬಳಿ ಉಳಿದಿರುವುದು ಮದುವೆಯ ಒಂದು ಫೋಟೊ ಮಾತ್ರ. ಅದರಲ್ಲಿಯೂ ಜನರೇ ತುಂಬಿದ್ದಾರೆ, ಮನೆ ಕಾಣುವುದಿಲ್ಲ.

ಆದುದರಿಂದ ಈ ಬಾರಿ ಊರಿಗೆ ಹೋದಾಗ, ಹಳೆಯ ಮನೆ ಇನ್ನೂ ನಿಂತಿದ್ದರೆ, ಹಿರಿಯರ ಜೊತೆ ಒಮ್ಮೆ ಅದರೊಳಗೆ ನಡೆದಾಡೋಣ. ದೇವರಕೋಣೆ, ಬಾಣಂತಿಕೋಣೆ, ಪಣತ, ಹಿತ್ತಿಲು ಎಂದು ಅವರು ಹೇಳುವುದನ್ನು ಮಕ್ಕಳು ಬರೆದುಕೊಳ್ಳಲಿ. ಮನೆಯನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿ ಇಲ್ಲದಿರಬಹುದು. ಅದರ ನಕ್ಷೆಯನ್ನು ಉಳಿಸಿಕೊಳ್ಳುವುದು ಖಂಡಿತ ಇದೆ.