ಜುಮಾದ ನಂತರದ ಅರ್ಧ ದಿನ

ಕಳೆದ ತಿಂಗಳ ಒಂದು ಶುಕ್ರವಾರ ಸವಳಂಗದಲ್ಲಿ ಜುಮಾ ನಮಾಜ್ ಮುಗಿಸಿ ನಾವು ಮಸೀದಿಯಿಂದ ಹೊರಗೆ ಬಂದಾಗ ಮೂರು ಗಂಟೆಯ ಸಮೀಪ. ನಾಲ್ಕೈದು ಹುಡುಗರು ಶಾಲೆಯ ಸಮವಸ್ತ್ರದಲ್ಲೇ ಆಟವಾಡುತ್ತಿದ್ದರು. "ಶಾಲೆಗೆ ಹೋಗಲಿಲ್ಲವೇ ಬೇಟಾ?" ಎಂದು ಕೇಳಿದೆವು. "ಇವತ್ತು ಜುಮಾ ಅಲ್ವಾ ಹಜರತ್, ನಮಾಜ್ ಆದ್ಮೇಲೆ ಯಾರೂ ಹೋಗಲ್ಲ" ಎಂದ ಅವರಲ್ಲೊಬ್ಬ. ಅದರಲ್ಲಿ ತಪ್ಪೇನಿದೆ ಎಂಬ ಮುಖಭಾವ ಅವನದು. ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆ ಮಾತೇ ಮಕ್ಕಳ ಕಲಿಕೆಯ ವಾರದ ಚರಿತ್ರೆಯನ್ನು ಒಮ್ಮೆ ತಿರುವಿ ನೋಡುವಂತೆ ಮಾಡಿತು.

ನಮ್ಮ ಸಮುದಾಯದಲ್ಲಿ ಮಕ್ಕಳ ಅಕ್ಷರಾಭ್ಯಾಸಕ್ಕೆ ಇರುವ ಇತಿಹಾಸ ಬಹಳ ಹಳೆಯದು. ಹಿಜ್ರಿ 2ನೇ ವರ್ಷ, ಅಂದರೆ ಕ್ರಿ.ಶ. 624ರಲ್ಲಿ ಬದ್ರ್ ಯುದ್ಧ ನಡೆಯಿತು. ಸೆರೆಸಿಕ್ಕವರಲ್ಲಿ ಬಿಡುಗಡೆಯ ಹಣ ಕೊಡಲಾಗದ ಅಕ್ಷರಸ್ಥರಿಗೆ ಪ್ರವಾದಿವರ್ಯರು(ಸ) ಬೇರೊಂದು ದಾರಿ ತೋರಿಸಿದರು. ಮದೀನಾದ ಮಕ್ಕಳಿಗೆ ಬರಹ ಕಲಿಸಿದರೆ ಅದೇ ಅವರ ಬಿಡುಗಡೆಯ ಬೆಲೆ. ಒಬ್ಬೊಬ್ಬರು ಹತ್ತು ಮಕ್ಕಳಿಗೆ ಕಲಿಸಬೇಕಿತ್ತೆಂದು ಇಬ್ನು ಸಅದ್ ದಾಖಲಿಸಿದ್ದಾರೆ. ಕಲಿಸಿದವರು ಆಗಿನ್ನೂ ಮುಸ್ಲಿಮರಾಗಿರಲಿಲ್ಲ ಎಂಬುದನ್ನು ನಾವು ಮರೆಯಬಾರದು. ಅಕ್ಷರ ಯಾರಿಂದ ಬಂದರೂ ಅಕ್ಷರವೇ.

ಕಲಿಕೆಗೆ ವಾರದ ಕ್ರಮವೂ ಬೇಗನೆ ಬಂತು. ಅಬ್ದುಲ್ಲಾ ಬಿನ್ ಮಸ್ಊದ್(ರ) ಪ್ರತಿ ಗುರುವಾರ ಜನರಿಗೆ ಉಪದೇಶ ಮಾಡುತ್ತಿದ್ದರು. ದಿನವೂ ಮಾಡಿರೆಂದು ಒಬ್ಬರು ಕೇಳಿಕೊಂಡಾಗ ಅವರು ಒಪ್ಪಲಿಲ್ಲ. ಕೇಳುವವರಿಗೆ ಬೇಸರವಾಗಬಾರದೆಂದು ಪ್ರವಾದಿವರ್ಯರೂ(ಸ) ಬಿಡುವು ಕೊಟ್ಟೇ ಉಪದೇಶಿಸುತ್ತಿದ್ದರು ಎಂದರು. ಬುಖಾರಿಯ ಜ್ಞಾನದ ಅಧ್ಯಾಯದಲ್ಲಿ ಈ ವರದಿ ಇದೆ.

ಮಕ್ಕಳ ಮಕ್ತಬ್‌ನ ವಾರ ಹೇಗಿತ್ತೆಂದು ತಿಳಿಯಲು ಈಗಿನ ಟ್ಯುನೀಷಿಯಾದ ಕೈರವಾನ್ ಪಟ್ಟಣಕ್ಕೆ ಹೋಗಬೇಕು. ಅಲ್ಲಿನ ವಿದ್ವಾಂಸ ಇಬ್ನು ಸಹ್ನೂನ್ (ನಿಧನ ಹಿ.ಶ. 256, ಕ್ರಿ.ಶ. 870) ಮಕ್ಕಳ ಶಿಕ್ಷಕರಿಗಾಗಿಯೇ ಒಂದು ಚಿಕ್ಕ ಪುಸ್ತಕ ಬರೆದರು. ಅದರ ಪ್ರಕಾರ ಬುಧವಾರ ಸಂಜೆ ಮತ್ತು ಗುರುವಾರ ಕಲಿತದ್ದನ್ನು ಒಪ್ಪಿಸುವ ಸಮಯ, ಶುಕ್ರವಾರ ಬಿಡುವು. ಉಳಿದ ದಿನಗಳು ಹೊಸ ಪಾಠಕ್ಕೆ. ಉಳ್ಳವರ ಮಗು, ಬಡವರ ಮಗು ಎಂದು ಶಿಕ್ಷಕ ಭೇದ ಮಾಡಕೂಡದೆಂದೂ ಅವರು ಎಚ್ಚರಿಸಿದ್ದಾರೆ. ಕಲಿ, ಒಪ್ಪಿಸು, ವಿಶ್ರಮಿಸು: ಸಾವಿರ ವರ್ಷಕ್ಕೂ ಹಿಂದಿನ ವಾರ ಇಷ್ಟೇ.

ನಮ್ಮ ಕನ್ನಡ ನಾಡಿನ ಕೂಲಿಮಠಗಳ ಲೆಕ್ಕವೇ ಬೇರೆ. ಅಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮಗ್ಗಿಯನ್ನು ಒಟ್ಟಾಗಿ ಕೂಗಿ ಕಲಿಯುತ್ತಿದ್ದರು. ಹಿರಿಯ ಹುಡುಗರು ಕಿರಿಯರಿಗೆ ಹೇಳಿಕೊಡುತ್ತಿದ್ದರು. ಬಿಡುವು ಬರುತ್ತಿದ್ದುದು ಹುಣ್ಣಿಮೆ, ಅಮಾವಾಸ್ಯೆ, ಹಬ್ಬಗಳನ್ನು ನೋಡಿ. ಭಾನುವಾರದ ರಜೆ ಬಂದದ್ದು ಬ್ರಿಟಿಷ್ ಆಡಳಿತದ ಕಾಲದಲ್ಲಿ. ಹೊನ್ನಾಳಿ ಸೀಮೆಯ ನಮ್ಮ ಊರುಗಳು ಆಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಸಂಸ್ಥಾನದಲ್ಲಿ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಆರಂಭವಾಯಿತು. ಶಾಸನಗಳ ಸಂಗ್ರಹದಿಂದ ಹೆಸರಾದ ಬಿ.ಎಲ್. ರೈಸ್ ಅದರ ಹಿಂದಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಆಯ್ದ ಪ್ರದೇಶಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಕಾನೂನು ಬಂತು. ಹೀಗೆ ಹಳ್ಳಿಯ ಮಗುವಿಗೂ ಸರಕಾರಿ ಶಾಲೆಯ ವಾರ ದೊರೆಯಿತು.

1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ನಲಿ-ಕಲಿ ಪ್ರಾರಂಭವಾಗಿ ಮುಂದೆ ರಾಜ್ಯಕ್ಕೆಲ್ಲ ಹರಡಿತು. ಮಕ್ಕಳು ತಟ್ಟೆಗಳ ಸುತ್ತ ಕೂತು ಕಾರ್ಡುಗಳಿಂದ ಕಲಿಯುತ್ತಾರೆ. ತಪ್ಪಿಸಿಕೊಂಡ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಆದರೆ ಆ ಅನುಕೂಲ ಕೆಳಗಿನ ತರಗತಿಗಳಿಗೆ ಮಾತ್ರ. ನಾಲ್ಕನೇ ತರಗತಿಯಿಂದ ಪಾಠ ಎಲ್ಲರಿಗೂ ಒಟ್ಟಿಗೆ ಸಾಗುತ್ತದೆ, ಯಾರಿಗೂ ಕಾಯುವುದಿಲ್ಲ. ಗೆಳೆಯರ ಜೊತೆ ಜುಮಾಕ್ಕೆ ಬರುವ ಹುಡುಗರು ಹೆಚ್ಚಾಗಿ ಈ ವಯಸ್ಸಿನವರೇ.

ಈ ವಿಷಯವನ್ನು ಪರಿಚಯದ ಒಬ್ಬ ಮೇಷ್ಟ್ರ ಬಳಿ ಪ್ರಸ್ತಾಪಿಸಿದೆವು. ಅವರು ತಮ್ಮ ತರಗತಿಯ ವಾರವನ್ನು ವಿವರಿಸಿದರು. ಸೋಮವಾರ ಹೊಸ ಪಾಠ, ಮಂಗಳವಾರ, ಬುಧವಾರ ಅಭ್ಯಾಸ, ಗುರುವಾರ ಲೆಕ್ಕ. ಶುಕ್ರವಾರ ಮಧ್ಯಾಹ್ನ ಉಕ್ತಲೇಖನ ಮತ್ತು ವಾರದ ಪಾಠ ಒಪ್ಪಿಸುವುದು. ಶನಿವಾರ ಬೆಳಗಿನ ಶಾಲೆ, ಕವಾಯತು. "ನಿಮ್ಮ ಹೆಣ್ಣುಮಕ್ಕಳು ಶುಕ್ರವಾರ ಇರ್ತಾರೆ ಗುರುಗಳೇ, ಗಂಡುಮಕ್ಕಳು ಇರಲ್ಲ. ಯಾವ ಹುಡುಗನಿಗೆ ಏನು ಬರಲ್ಲ ಅಂತ ನನಗೆ ಗೊತ್ತಾಗೋದೇ ಆ ಹೊತ್ತಲ್ಲಿ" ಎಂದರು.

ಈ ಮಾತು ನಮ್ಮನ್ನು ತಟ್ಟಿತು. ಇಬ್ನು ಸಹ್ನೂನ್ ಅವರ ಗುರುವಾರವೇ ಈ ಮೇಷ್ಟ್ರ ಶುಕ್ರವಾರ ಮಧ್ಯಾಹ್ನ. ನಮ್ಮ ಹುಡುಗರು ಕಳೆದುಕೊಳ್ಳುತ್ತಿರುವುದು ಅದನ್ನೇ.

ಲೆಕ್ಕ ಹಾಕಿ ನೋಡೋಣ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಂತೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ವಾರಕ್ಕೆ ಆರು ದಿನವೆಂದರೆ 33 ವಾರ. ವಾರಕ್ಕೆ ಅರ್ಧ ದಿನ ತಪ್ಪಿದರೆ ವರ್ಷಕ್ಕೆ ಹದಿನಾರು ದಿನಕ್ಕೂ ಹೆಚ್ಚು. ಮದುವೆ, ಉರೂಸ್, ಮೆಕ್ಕೆಜೋಳದ ಕೊಯ್ಲಿಗೆ ತಪ್ಪುವ ದಿನಗಳನ್ನು ನಾವು ಇದಕ್ಕೆ ಸೇರಿಸಿಲ್ಲ.

"ಶುಕ್ರವಾರ ನಮ್ಮ ರಜೆಯಲ್ಲವೇ?" ಎಂದು ಕೆಲವು ಹಿರಿಯರು ಕೇಳಬಹುದು. ಕೈರವಾನಿನ ಮಕ್ಕಳಿಗೆ ಶುಕ್ರವಾರ ಬಿಡುವಿತ್ತು, ನಿಜ. ಆದರೆ ಅವರಿಗೆ ಭಾನುವಾರದ ರಜೆ ಇರಲಿಲ್ಲ. ಇನ್ನು ಪವಿತ್ರ ಕುರ್‌ಆನಿನ ಜುಮುಅಃ ಅಧ್ಯಾಯದ 9 ಮತ್ತು 10ನೇ ಆಯತ್‌ಗಳನ್ನು ಒಟ್ಟಿಗೆ ಓದೋಣ. ಕರೆ ಬಂದಾಗ ವ್ಯಾಪಾರ ಬಿಟ್ಟು ಧಾವಿಸಿ ಬರಬೇಕೆಂಬ ಆಜ್ಞೆಯನ್ನು ನಾವು ಮಿಂಬರ್‌ನಿಂದ ಮತ್ತೆ ಮತ್ತೆ ಹೇಳುತ್ತೇವೆ. ನಮಾಜ್ ಮುಗಿದ ಮೇಲೆ ಭೂಮಿಯಲ್ಲಿ ಹರಡಿಕೊಂಡು ಅಲ್ಲಾಹನ ಅನುಗ್ರಹವನ್ನು ಅರಸಬೇಕೆಂದು ಮುಂದಿನ ಆಯತ್‌ನಲ್ಲೇ ಇದೆ. ವ್ಯಾಪಾರಿಗೆ ಅದು ಅಂಗಡಿ, ರೈತನಿಗೆ ಹೊಲ. ಹತ್ತು ವರ್ಷದ ಹುಡುಗನಿಗೆ ಅದು ಅವನ ತರಗತಿಯಲ್ಲದೆ ಇನ್ನೇನು?

ಇದರಲ್ಲಿ ನಮ್ಮ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇವೆ. ಮಕ್ಕಳು ಮಧ್ಯಾಹ್ನದ ಬಿಡುವಿನಲ್ಲಿ ಬರುತ್ತಾರೆ. ನಮ್ಮ ಬಯಾನ್ ಉದ್ದವಾಗಿ ಆ ಬಿಡುವು ಮೀರಿ ಹೋಗುತ್ತದೆ. ತಡವಾಯಿತೆಂದು ಮಕ್ಕಳು ಅಂಜಿ ಮನೆಗೆ ಹೋಗುತ್ತಾರೆ, ಕ್ರಮೇಣ ಅದೇ ರೂಢಿಯಾಗುತ್ತದೆ. ಖುತ್ಬಾ ಚಿಕ್ಕದಾಗಿರುವುದು ಖತೀಬನ ತಿಳಿವಳಿಕೆಯ ಗುರುತು ಎಂದು ಅಮ್ಮಾರ್ ಬಿನ್ ಯಾಸಿರ್(ರ) ವರದಿ ಮಾಡಿದ ಹದೀಸ್ ಮುಸ್ಲಿಮ್ ಗ್ರಂಥದಲ್ಲಿದೆ. ಅದನ್ನು ಮದ್ರಸಾದಲ್ಲಿ ಕಂಠಪಾಠ ಮಾಡಿದ ನಾವೇ ಇಷ್ಟು ವರ್ಷ ಮರೆತಿದ್ದೆವು.

ಈಗ ಬಯಾನನ್ನು ಮೊಟಕುಗೊಳಿಸಿದ್ದೇವೆ. ಶಾಲೆಯ ಮಕ್ಕಳು ಬಾಗಿಲ ಬಳಿಯ ಸಫ್‌ಗಳಲ್ಲಿ ನಿಲ್ಲುತ್ತಾರೆ, ಸಲಾಮ್ ಆದ ಮೇಲೆ ಬೇಗ ಹೊರಡುತ್ತಾರೆ. ಸುನ್ನತ್ ನಮಾಜನ್ನು ಮನೆಯಲ್ಲಿ ಮಾಡಬಹುದೆಂದು ಅವರಿಗೆ ತಿಳಿಸಿದ್ದೇವೆ. ಕಳೆದ ಶುಕ್ರವಾರ ಆ ಹುಡುಗರಲ್ಲಿ ಇಬ್ಬರು ಶಾಲೆಗೆ ಮರಳಿದರು. ಉಳಿದವರು ಹೋಗಲಿಲ್ಲ. ಅವರನ್ನು ಕಳಿಸುವುದು ಇಮಾಮರೊಬ್ಬರಿಂದ ಆಗುವ ಕೆಲಸವಲ್ಲ. ತಂದೆಯಂದಿರೇ, ಮಗನನ್ನು ಜುಮಾಕ್ಕೆ ಕರೆತರುವ ನಿಮ್ಮ ಕೈಯೇ ಅವನನ್ನು ಶಾಲೆಯ ಗೇಟಿನವರೆಗೂ ಬಿಟ್ಟು ಬರಲಿ. ತಾಯಂದಿರೇ, ಶುಕ್ರವಾರ ಸಂಜೆ ಮಗನಿಗೆ ಒಂದು ಪ್ರಶ್ನೆ ಕೇಳಿರಿ: ಇವತ್ತು ಮಧ್ಯಾಹ್ನ ಮೇಷ್ಟ್ರು ಏನು ಬರೆಸಿದರು?

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನು ದಯಪಾಲಿಸಲಿ, ಆಮೀನ್.